ಚೈನೀಸ್ ಅಕ್ಷರ ಸರಿಯಾದ ಕ್ರಮದಲ್ಲಿ ಬರೆಯೋಕೆ ಕಲಿಯೋದು: ಆ್ಯಪಾ, ತಿದ್ದೋ ಪುಸ್ತಕಾನಾ, ಬ್ರಷ್ಷಾ, ಮೇಷ್ಟ್ರಾ?

ಚೈನೀಸ್ ಕಲಿಯೋಕೆ ಹೊರಟವರಿಗೆ ಮಾತು, ಪಿನ್‌ಯಿನ್ (ಉಚ್ಚಾರಣೆಯನ್ನ ಇಂಗ್ಲಿಷ್ ಲಿಪೀಲಿ ಬರೆಯೋ ಪದ್ಧತಿ), ಟೋನ್ (ದನಿಯ ಏರಿಳಿತ) ಇವಕ್ಕೆಲ್ಲ ಹೇಗೋ ದಾರಿ ಸಿಗುತ್ತೆ, ಆದ್ರೆ ಪೆನ್ ಹಿಡಿದು ಅಕ್ಷರ ಬರೆಯೋಕೆ ಕೂತಾಗ ಕೈ ಅಲ್ಲೇ ನಿಂತುಬಿಡುತ್ತೆ. ಯಾವ ಗೆರೆ ಮೊದಲು, ಯಾವುದು ಆಮೇಲೆ? ಇದನ್ನ ಹೇಳಿಕೊಡೋಕೆ ಅಂತಾನೇ ಈಗ ಹತ್ತಾರು ಆ್ಯಪ್ ಇವೆ, ಪ್ರಿಂಟ್ ತಗೊಳ್ಳೋ ವರ್ಕ್‌ಶೀಟ್ ಇವೆ, ತಿದ್ದೋ ಪುಸ್ತಕ ಇವೆ, ನೀರಲ್ಲಿ ಬರೆಯೋ ಬಟ್ಟೆ ಇದೆ, ಆನ್‌ಲೈನ್ ಮೇಷ್ಟ್ರು ಇದ್ದಾರೆ. ಎಲ್ಲಾನೂ ತಗೊಂಡ್ರೆ ದುಡ್ಡೂ ಹೋಯ್ತು, ಟೈಮೂ ಹೋಯ್ತು. ಯಾರಿಗೆ ಯಾವುದು ಸರಿಹೋಗುತ್ತೆ ಅಂತ ಇಲ್ಲಿ ಹೋಲಿಸಿ ಬರೀತಿದೀನಿ.

ನಾನು ಇವನ್ನೆಲ್ಲ ಅಳೆಯೋದು ಒಂದೇ ಪ್ರಶ್ನೆ ಇಟ್ಕೊಂಡು: ನೀವು ಗೆರೆ ತಪ್ಪು ಕ್ರಮದಲ್ಲಿ ಎಳೆದ್ರೆ ಅದನ್ನ ಯಾರು ಹಿಡೀತಾರೆ, ಯಾವಾಗ ಹಿಡೀತಾರೆ? ಯಾಕಂದ್ರೆ ಕನ್ನಡದಲ್ಲಿ ಕಾಗುಣಿತ ತಪ್ಪಿದ್ರೆ ಹಾಳೆ ಮೇಲೆ ಎದ್ದು ಕಾಣುತ್ತೆ, ಯಾರಾದ್ರೂ ಕೆಂಪು ಪೆನ್ನಲ್ಲಿ ಸುತ್ತು ಹಾಕ್ತಾರೆ. ಗೆರೆಯ ಕ್ರಮ ಹಾಗಲ್ಲ. ಕಲಿಯೋ ಹಂತದಲ್ಲಿ ನಿಧಾನಕ್ಕೆ, ಒಂದೊಂದೇ ಗೆರೆ ಬಿಡಿಬಿಡಿಯಾಗಿ ಎಳೆದು ಮುಗಿಸಿದ ಅಕ್ಷರವನ್ನ ಎಷ್ಟು ನೋಡಿದ್ರೂ ಮೊದಲು ಅಡ್ಡ ಎಳೆದ್ರಾ ಉದ್ದ ಎಳೆದ್ರಾ ಅಂತ ಗೊತ್ತಾಗಲ್ಲ, ತಪ್ಪು ಅಲ್ಲೇ ಬಚ್ಚಿಟ್ಕೊಂಡಿರುತ್ತೆ, ಹಾಗೇ ಇನ್ನೂರು ಸಲ ಬರೆದ್ರೆ ಕೈಗೆ ಅದೇ ಅಭ್ಯಾಸ ಆಗಿಹೋಗುತ್ತೆ. ಆದ್ದರಿಂದ ಚೆನ್ನಾಗಿ ತೋರಿಸೋ ಸಾಧನ ಬೇರೆ, ತಪ್ಪು ಹಿಡಿಯೋ ಸಾಧನ ಬೇರೆ. ಬಹಳಷ್ಟು ಆ್ಯಪ್, ವಿಡಿಯೋ ಎಲ್ಲ ಮೊದಲನೇ ಜಾತಿ.

ಕ್ರಮ ಯಾಕೆ ಬೇಕು, ಆಕಾರ ಬಂದ್ರೆ ಸಾಲದಾ?

ಸಾಲದು. ಮೊದಲನೇ ಕಾರಣ ಓದೋದು. ಚೀನಾದಲ್ಲಿ ಜನ ದಿನನಿತ್ಯ ಬರೆಯೋದು ಪ್ರಿಂಟ್ ಥರ ಅಲ್ಲ, ಪೆನ್ ಪೂರ್ತಿ ಎತ್ತದೆ ಒಂದು ಗೆರೆಯ ಬಾಲವನ್ನ ಮುಂದಿನ ಗೆರೆಗೆ ಎಳ್ಕೊಂಡು ಹೋಗ್ತಾರೆ, ಅಂಥ ಬರಹಕ್ಕೆ ಶಿಂಗ್‌ಶು ಅಂತಾರೆ. ಯಾವ ಗೆರೆಗೆ ಯಾವುದು ಅಂಟ್ಕೊಂಡಿದೆ ಅನ್ನೋದು ಬಹುಪಾಲು ಕ್ರಮದ ಮೇಲೇ ನಿಂತಿದೆ, ಕ್ರಮ ಕೈಗೆ ಬಂದಿದ್ರೆ ಆ ಬರಹ ಕಣ್ಣಿಗೂ ಬಿಡಿಸಿಕೊಳ್ಳುತ್ತೆ, ಇಲ್ಲದಿದ್ರೆ ಬರೀ ಸುತ್ತು ಗೆರೆ ಕಾಣುತ್ತೆ. ಎರಡನೇದು ನೆನಪು. ಹನ್ನೆರಡು ಗೆರೆ ಇರೋ ಅಕ್ಷರವನ್ನ ಚಿತ್ರದ ಥರ ನೆನಪಿಟ್ಕೊಳ್ಳೋದು ಕಷ್ಟ, ಯಾವಾಗ್ಲೂ ಒಂದೇ ಕ್ರಮದಲ್ಲಿ ಬರೆದ್ರೆ ಕೈ ತಾನೇ ಮುಂದಕ್ಕೆ ಹೋಗುತ್ತೆ. ಮೂರನೇದು ಟೈಪಿಂಗ್. ಪಿನ್‌ಯಿನ್ ಗೊತ್ತಿಲ್ಲದ ಅಕ್ಷರ ಹೊಡೆಯೋಕೆ ಸ್ಟ್ರೋಕ್ ಇನ್‌ಪುಟ್ ಅಂತ ಒಂದು ವಿಧಾನ ಇದೆ, ಐದೇ ಕೀಲಿ: 1 ಅಂದ್ರೆ ಅಡ್ಡ ಗೆರೆ, 2 ಉದ್ದ ಗೆರೆ, 3 ಎಡಕ್ಕೆ ಇಳಿಯೋ ಓರೆ ಗೆರೆ, 4 ಚುಕ್ಕಿ, 5 ತಿರುವು ಇರೋ ಗೆರೆ. ಬಲಕ್ಕೆ ಇಳಿಯೋ ಓರೆ ಗೆರೆಯೂ ಚುಕ್ಕಿ ಜೊತೆ 4ಕ್ಕೇ ಸೇರುತ್ತೆ. ಇಲ್ಲಿ ಕ್ರಮ ತಪ್ಪಿದ್ರೆ ಬೇಕಾದ ಅಕ್ಷರ ಸಿಗಲ್ಲ.

ನಿಯಮಗಳು ಕೆಲವೇ. ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡ ಉದ್ದ ಒಂದನ್ನೊಂದು ದಾಟಿದ್ರೆ ಅಡ್ಡ ಮೊದಲು. ಹತ್ತು ಅನ್ನೋ ಅಕ್ಷರ ಥೇಟ್ ಪ್ಲಸ್ ಗುರುತು, ಅದರಲ್ಲಿ ಅಡ್ಡ ಆಮೇಲೆ ಉದ್ದ. ಮನುಷ್ಯ ಅನ್ನೋದರಲ್ಲಿ ಎಡಗಾಲು ಮೊದಲು, ಬಲಗಾಲು ಆಮೇಲೆ. ಚಿಕ್ಕದು ಅನ್ನೋದರಲ್ಲಿ, ನೀರು ಅನ್ನೋದರಲ್ಲಿ ನಡುವಿನ ಗೆರೆ ಮೊದಲು, ಅಕ್ಕಪಕ್ಕದ್ದು ಆಮೇಲೆ.

ದೇಶ ಅನ್ನೋ ಅಕ್ಷರವನ್ನ ಸ್ವಲ್ಪ ಹತ್ತಿರದಿಂದ ನೋಡಿ, ಬಹಳಷ್ಟು ನಿಯಮ ಅದರಲ್ಲೇ ಸಿಗುತ್ತೆ. ಸುತ್ತ ಒಂದು ಚೌಕ, ಒಳಗೆ ರತ್ನ ಅನ್ನೋ ಅಕ್ಷರ, ಒಟ್ಟು 8 ಗೆರೆ. ಮೊದಲು ಎಡಗೋಡೆ ಮೇಲಿಂದ ಕೆಳಕ್ಕೆ. ಎರಡನೇ ಗೆರೆ ಮೇಲ್ಛಾವಣಿಯಿಂದ ಶುರುವಾಗಿ ಬಲ ಮೂಲೇಲಿ ತಿರುಗಿ ಹಾಗೇ ಕೆಳಗಿಳಿಯುತ್ತೆ, ಪೆನ್ ಎತ್ತೋ ಹಾಗಿಲ್ಲ, ಛಾವಣಿ ಬಲಗೋಡೆ ಎರಡೂ ಸೇರಿ ಒಂದೇ ಲೆಕ್ಕ. ಆಮೇಲೆ ಒಳಗೆ ಹೋಗಿ ಅಡ್ಡ, ಅಡ್ಡ, ಉದ್ದ, ತಳದ ಅಡ್ಡ, ಬಲಗಡೆ ಚುಕ್ಕಿ. ಕೊನೇಲಿ ಚೌಕದ ತಳ ಎಳೆದು ಮುಚ್ಚೋದು. ಒಳಗಿರೋರು ಮೊದಲು ಒಳಗೆ ಬರಲಿ, ಬಾಗಿಲು ಆಮೇಲೆ ಹಾಕಿ ಅಂತ ಚೀನೀ ಮೇಷ್ಟ್ರು ಮಕ್ಕಳಿಗೆ ಹೇಳ್ತಾರೆ. ನಮ್ಮಂಥೋರು ಹೇಳಿಕೊಡದೆ ಬರೆದ್ರೆ ಚೌಕ ಪೂರ್ತಿ ಮುಚ್ಚಿ ಆಮೇಲೆ ಒಳಗೆ ತುರುಕ್ತೀವಿ, ಅದೂ ಚೌಕದ ನಾಲ್ಕು ಬದಿಗೆ ನಾಲ್ಕು ಗೆರೆ. ಮುಗಿದ ಮೇಲೆ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ!

ನಿಯಮ ಗೊತ್ತಿದ್ರೂ ಎಡವಿಸೋ ಜೋಡಿಗಳು ಇವೆ. ಒಂಬತ್ತು ಮತ್ತೆ ಬಲ, ಅಂದ್ರೆ ಶಕ್ತಿ ಅನ್ನೋ ಅರ್ಥದ್ದು, ಈ ಎರಡೂ ಎರಡೆರಡೇ ಗೆರೆ, ನೋಡೋಕೆ ಅಣ್ಣತಮ್ಮ. ಒಂಬತ್ತರಲ್ಲಿ ಎಡಕ್ಕೆ ಇಳಿಯೋ ಓರೆ ಗೆರೆ ಮೊದಲು, ತಿರುವಿನ ಗೆರೆ ಆಮೇಲೆ. ಬಲದಲ್ಲಿ ಪೂರ್ತಿ ಉಲ್ಟಾ. ಬೆಂಕಿ ಅನ್ನೋದರಲ್ಲಿ ಮೊದಲು ಎಡದ ಚುಕ್ಕಿ, ಆಮೇಲೆ ಬಲದ ಪುಟ್ಟ ಓರೆ, ಅದಾದ ಮೇಲೇ ನಡುವಿನ ಮನುಷ್ಯ, ಅಂದ್ರೆ ನೀರಲ್ಲಿ ನಡು ಮೊದಲು, ಬೆಂಕಿಯಲ್ಲಿ ನಡು ಕೊನೆಗೆ. ಹಸು ಅನ್ನೋ ಅಕ್ಷರ ಒಂಟಿಯಾಗಿದ್ದಾಗ ಉದ್ದ ಗೆರೆ ಕೊನೆಗೆ, ಅದೇ ಇನ್ನೊಂದು ಅಕ್ಷರದ ಎಡಪಕ್ಕದಲ್ಲಿ ಬಂದ್ರೆ ಉದ್ದ ಗೆರೆ ಮೂರನೇದಾಗಿ ಎಳೆದು, ಕೊನೆಯ ಅಡ್ಡ ಗೆರೆಯನ್ನ ಕೆಳಗಿಂದ ಮೇಲಕ್ಕೆ ಎತ್ತಿ ಎಳೀತಾರೆ. ಇವನ್ನ ಬರೀ ನಿಯಮದ ಪಟ್ಟಿ ಬಾಯಿಪಾಠ ಮಾಡಿ ಗೆಲ್ಲೋಕಾಗಲ್ಲ, ಅಕ್ಷರ ಅಕ್ಷರಕ್ಕೂ ಕೈ ತಿದ್ದೋರು ಬೇಕು.

ಸಾಧನಕ್ಕಿಂತ ಮೊದಲು ಆರಿಸಬೇಕಾದ್ದು: ಯಾವ ಊರಿನ ಕ್ರಮ?

ಇದನ್ನ ಬಹಳ ಜನ ಯೋಚನೆನೇ ಮಾಡಲ್ಲ, ಆಮೇಲೆ ಎರಡು ಆ್ಯಪ್ ಎರಡು ಥರ ಹೇಳಿದಾಗ ತಲೆ ಕೆಡಿಸ್ಕೋತಾರೆ. ಸರಿಯಾದ ಕ್ರಮ ಅನ್ನೋದು ಎಲ್ಲಾ ಕಡೆ ಒಂದೇ ಅಲ್ಲ. ಚೀನಾ ಮೇನ್‌ಲ್ಯಾಂಡ್‌ನಲ್ಲಿ 1997ರಲ್ಲಿ 7000 ಅಕ್ಷರಗಳಿಗೆ ಸರ್ಕಾರದ ಕಡೆಯಿಂದ ಕ್ರಮ ಗೊತ್ತುಮಾಡಿದ್ರು, 2013ರಲ್ಲಿ 8105 ಅಕ್ಷರಗಳ ಹೊಸ ಪಟ್ಟಿ ಬಂತು, ಆ ಪಟ್ಟಿಗೆ ತಕ್ಕ ಕ್ರಮ 2021ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ತೈವಾನ್‌ನ ಶಿಕ್ಷಣ ಇಲಾಖೆ ಹಳೇ ಪೂರ್ಣ ರೂಪದ, ಅಂದ್ರೆ ಸರಳ ಮಾಡದ, ಅಕ್ಷರಗಳಿಗೆ ತನ್ನದೇ ಕೈಪಿಡಿಯನ್ನ 1996ರಲ್ಲಿ ತಂತು. ಜಪಾನಿನ ಶಿಕ್ಷಣ ಇಲಾಖೆ 1958ರಲ್ಲೇ ಶಾಲೆ ಮಕ್ಕಳ 881 ಕಾಂಜಿಗೆ, ಅಂದ್ರೆ ಜಪಾನೀಸ್‌ನಲ್ಲಿ ಬಳಸೋ ಚೈನೀಸ್ ಅಕ್ಷರಗಳಿಗೆ, ಕೈಪಿಡಿ ಮಾಡಿತ್ತು, ಇದರಲ್ಲಿ ಇಲ್ಲದ ಕ್ರಮ ಎಲ್ಲ ತಪ್ಪು ಅಂತೇನಲ್ಲ ಅಂತ ಆ ಪುಸ್ತಕಾನೇ ಹೇಳಿಕೊಂಡಿದೆ.

ವ್ಯತ್ಯಾಸ ಎಲ್ಲಿ ಬರುತ್ತೆ ಅಂದ್ರೆ ತೀರಾ ಸುಲಭದ ಅಕ್ಷರಗಳಲ್ಲೇ. ರಾಜ ಅನ್ನೋದು ಮೂರು ಅಡ್ಡ ಒಂದು ಉದ್ದ: ಚೀನಾದಲ್ಲಿ ಅಡ್ಡ, ಅಡ್ಡ, ಉದ್ದ, ಅಡ್ಡ. ಜಪಾನಲ್ಲಿ ಅಡ್ಡ, ಉದ್ದ, ಅಡ್ಡ, ಅಡ್ಡ. ಹೊಲ ಅನ್ನೋದು ಚೌಕದೊಳಗೆ ಪ್ಲಸ್, ಆ ಪ್ಲಸ್‌ನಲ್ಲಿ ಚೀನಾದೋರು ಅಡ್ಡ ಮೊದಲು, ಜಪಾನಿನೋರು ಉದ್ದ ಮೊದಲು. ಎಡ, ಬಲ ಅನ್ನೋ ದಿಕ್ಕಿನ ಅಕ್ಷರಗಳ ತಲೆಭಾಗ ಒಂದೇ ಥರ, ಒಂದು ಅಡ್ಡ ಒಂದು ಓರೆ. ಚೀನಾದಲ್ಲಿ ಎರಡಕ್ಕೂ ಅಡ್ಡಾನೇ ಮೊದಲು, ಜಪಾನಲ್ಲಿ ಎಡ ಅನ್ನೋದರಲ್ಲಿ ಅಡ್ಡ ಮೊದಲು, ಬಲ ಅನ್ನೋದರಲ್ಲಿ ಓರೆ ಮೊದಲು. ತೈವಾನ್ ಕಡೆ ಹೋದ್ರೆ ಗೆರೆಯ ಎಣಿಕೇನೇ ಬದಲಾಗುತ್ತೆ, ಗಿಡಮರದ ಅಕ್ಷರಗಳ ತಲೆ ಮೇಲೆ ಬರೋ ಹುಲ್ಲಿನ ಭಾಗಕ್ಕೆ ಮೇನ್‌ಲ್ಯಾಂಡಲ್ಲಿ 3 ಗೆರೆ, ತೈವಾನಲ್ಲಿ ನಡುವೆ ಜಾಗ ಬಿಟ್ಟು 4.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಚೀನಾಕ್ಕೆ ಎಂಬಿಬಿಎಸ್ ಓದೋಕೆ ಹೋಗೋರು, ಶೆನ್‌ಜೆನ್ ಕಡೆ ಎಲೆಕ್ಟ್ರಾನಿಕ್ಸ್ ವ್ಯವಹಾರ ಇರೋರು, ಎಚ್‌ಎಸ್‌ಕೆ (ವಿದೇಶಿಯರಿಗೆ ಚೀನಾದ ಅಧಿಕೃತ ಚೈನೀಸ್ ಪರೀಕ್ಷೆ) ಬರೆಯೋರು, ಇವರೆಲ್ಲ ಕಣ್ಣು ಮುಚ್ಚಿ ಮೇನ್‌ಲ್ಯಾಂಡ್ ಕ್ರಮ, ಗೆರೆ ಕಡಿಮೆ ಮಾಡಿದ ಸರಳ ರೂಪ ಇಟ್ಕೊಳ್ಳಿ. ತೈವಾನ್‌ಗೆ ಓದೋಕೋ ಕೆಲಸಕ್ಕೋ ಹೋಗೋರು ಪೂರ್ಣ ರೂಪ, ತೈವಾನ್ ಕ್ರಮ, ಅದಕ್ಕೆ ಅಲ್ಲಿನ ಶಿಕ್ಷಣ ಇಲಾಖೆಯ ಗೆರೆ ಕ್ರಮದ ವೆಬ್‌ಸೈಟೇ ಇದೆ, ಫ್ರೀ. ಮೊದಲೇ ಜಪಾನೀಸ್ ಕಲಿತು ಈಗ ಚೈನೀಸ್‌ಗೆ ಬಂದಿರೋರು ಹಳೇ ಕ್ರಮ ಪೂರ್ತಿ ಕಿತ್ತು ಹಾಕೋಕೆ ಹೋಗಬೇಡಿ, ಬೇರೆಯಾಗೋ ಅಕ್ಷರಗಳನ್ನ ಮಾತ್ರ ಪಟ್ಟಿ ಮಾಡಿ ಹೊಸದಾಗಿ ಕೂರಿಸ್ಕೊಳ್ಳಿ.

ಇಲ್ಲೇ ಇನ್ನೊಂದು ಎಚ್ಚರಿಕೆ. ವಿಡಿಯೋ ಹುಡುಕುವಾಗ ಕಾಂಜಿ ಅಂತ ಇರೋದು ಬಂದ್ರೆ ಅದು ಜಪಾನಿನ ಕ್ರಮ. ಫೋನ್ ಭಾಷೆ ಕನ್ನಡವೋ ಇಂಗ್ಲಿಷೋ ಇದ್ದಾಗ ಕೆಲವು ಫೋನ್‌ಗಳು ಚೈನೀಸ್ ಅಕ್ಷರವನ್ನ ಜಪಾನಿ ಆಕಾರದ ಫಾಂಟ್‌ನಲ್ಲಿ ತೋರಿಸ್ತವೆ, ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳಿಗೆ ಕೊಡೋ ನಂಬರ್ ಪಟ್ಟಿ) ಎರಡಕ್ಕೂ ಒಂದೇ ಕೋಡ್ ಇರೋದು ಇದಕ್ಕೆ ಕಾರಣ. ನೇರ ಅನ್ನೋ ಅಕ್ಷರ, ಮೂಳೆ ಅನ್ನೋ ಅಕ್ಷರ ಇವು ಎರಡು ಕಡೆ ಬೇರೆ ಬೇರೆ ಕಾಣ್ತವೆ, ನೀವು ಫೋನ್ ನೋಡಿ ಕಲಿತ್ರೆ ಆಕಾರಾನೇ ತಪ್ಪು ಕಲೀತೀರ. ಸೆಟ್ಟಿಂಗ್ಸ್‌ನ ಭಾಷೆಗಳ ಪಟ್ಟಿಗೆ ಸಿಂಪ್ಲಿಫೈಡ್ ಚೈನೀಸ್ ಸೇರಿಸಿ, ಸಾಮಾನ್ಯವಾಗಿ ಸರಿಹೋಗುತ್ತೆ. ಹಾಗೇ ಪ್ರಿಂಟ್ ತಗೊಳ್ಳುವಾಗ ಕೈಟಿ ಅನ್ನೋ ಫಾಂಟ್ ಆರಿಸಿ, ಅದು ಕೈಬರಹದ ಆಕಾರ. ಪೇಪರ್, ಪುಸ್ತಕದಲ್ಲಿ ಬರೋ ಸೋಂಗ್ ಫಾಂಟ್ ಅಚ್ಚಿಗೆ ಮಾಡಿದ್ದು, ಅದನ್ನ ನೋಡಿ ಕೈಯಲ್ಲಿ ಬರೀಬಾರದು.

ಬರೆಸಿ ತಿದ್ದೋ ಆ್ಯಪ್

ಈ ಜಾತಿಯಲ್ಲಿ ಹೆಸರು ಮಾಡಿರೋದು ಸ್ಕ್ರಿಟ್ಟರ್. ಅರ್ಥ, ಪಿನ್‌ಯಿನ್ ತೋರಿಸಿ ಖಾಲಿ ಪರದೆ ಕೊಡುತ್ತೆ, ನೀವು ಬೆರಳಲ್ಲಿ ಗೆರೆ ಎಳೀಬೇಕು, ಕ್ರಮ ತಪ್ಪಿದ್ರೆ ಆ ಗೆರೆ ಒಪ್ಪಿಕೊಳ್ಳಲ್ಲ, ಕೆಲವು ಸಲ ತಪ್ಪಿದ ಮೇಲೆ ಮುಂದಿನ ಗೆರೆಯ ಸುಳಿವು ಕೊಡುತ್ತೆ. ಮರೆಯೋ ಹೊತ್ತಿಗೆ ಸರಿಯಾಗಿ ಅದೇ ಅಕ್ಷರ ಮತ್ತೆ ತಂದು ಮುಂದಿಡುತ್ತೆ. ನಾನು ಮೇಲೆ ಕೇಳಿದ ಪ್ರಶ್ನೆಗೆ ಇದರ ಉತ್ತರ ಎಲ್ಲಕ್ಕಿಂತ ಚೆನ್ನಾಗಿದೆ, ತಪ್ಪು ಆದ ಆ ಕ್ಷಣಕ್ಕೇ ಹಿಡಿಯುತ್ತೆ, ಕೈಗೆ ಅಭ್ಯಾಸ ಆಗೋಕೆ ಬಿಡಲ್ಲ. ಒಬ್ಬರೇ ಮನೇಲಿ ಕೂತು ಕಲಿಯೋರಿಗೆ ಇದಕ್ಕಿಂತ ಹತ್ತಿರದ ಮೇಷ್ಟ್ರು ಸಿಗಲ್ಲ.

ಕೊರತೆ ಎರಡು. ಒಂದು, ತಿಂಗಳು ತಿಂಗಳು ಚಂದಾ, ಡಾಲರ್ ಲೆಕ್ಕ, ನಮ್ಮ ರೂಪಾಯಿಗೆ ಹಗುರ ಅಲ್ಲ. ಎರಡನೇದು ನಿಜವಾಗಿ ಗಮನಿಸಬೇಕಾದ್ದು: ನೀವು ಸೊಟ್ಟಗೆ ಎಳೆದ ಗೆರೆಯನ್ನೂ ಅದು ಸುಂದರವಾದ ಗೆರೆಯಾಗಿ ಬದಲಾಯಿಸಿ ಸರಿಯಾದ ಜಾಗಕ್ಕೆ ಕೂರಿಸಿಬಿಡುತ್ತೆ. ನೋಡೋಕೆ ಖುಷಿ, ಆದ್ರೆ ಉದ್ದ ಎಷ್ಟು, ಓರೆ ಎಷ್ಟು, ಎಡಭಾಗ ಎಷ್ಟು ಸಣ್ಣಗಿರಬೇಕು ಇದೆಲ್ಲ ಆ್ಯಪೇ ಮಾಡ್ತಿದೆ, ನಿಮ್ಮ ಕೈ ಅಲ್ಲ. ಆ್ಯಪಲ್ಲಿ ನೂರಾರು ಅಕ್ಷರ ಬರೆಯೋರಿಗೂ ಕಾಗದದ ಮೇಲೆ ಬರೆಯೋಕೆ ಕೂತ್ರೆ ಬಲಭಾಗ ಎಡಭಾಗ ಬೇರೆ ಬೇರೆ ಬೀಳ್ತವೆ, ಒಂದು ಅಕ್ಷರ ಎರಡಾಗಿ ಕಾಣುತ್ತೆ. ಗೆರೆ ತಿದ್ದದೆ ನೀವು ಎಳೆದ ಹಾಗೇ ಬಿಟ್ಟು ಕೊನೇಲಿ ಹೋಲಿಸಿ ತೋರಿಸೋ ಆಯ್ಕೆ ಇಂಥ ಆ್ಯಪಲ್ಲಿ ಇದ್ರೆ ಅದನ್ನೇ ಹಾಕ್ಕೊಳ್ಳಿ.

ಡ್ಯುಯೋಲಿಂಗೋದಲ್ಲೂ ಅಕ್ಷರ ಬರೆಸೋ ಭಾಗ ಇದೆ, ಆದ್ರೆ ಅಲ್ಲಿ ಹೆಚ್ಚಾಗಿ ತೋರಿಸಿದ ದಾರಿ ಮೇಲೇ ಬೆರಳು ಆಡಿಸೋದು, ಪರಿಚಯಕ್ಕೆ ಪರವಾಗಿಲ್ಲ, ಅದರಲ್ಲೇ ಬರವಣಿಗೆ ಬರುತ್ತೆ ಅಂದ್ಕೋಬೇಡಿ.

ತೋರಿಸೋ ಡಿಕ್ಷನರಿ

ಪ್ಲೆಕೋ ಚೈನೀಸ್ ಕಲಿಯೋರ ಫೋನಲ್ಲೆಲ್ಲ ಇರೋ ಡಿಕ್ಷನರಿ, ಇರಲೇಬೇಕು ಕೂಡ. ಬೇಸಿಕ್ ಆ್ಯಪ್ ಫ್ರೀ, ಗೆರೆ ಕ್ರಮದ ಅನಿಮೇಷನ್ ಒಂದು ಸಲ ದುಡ್ಡು ಕೊಟ್ಟು ತಗೊಳ್ಳೋ ಆಡ್-ಆನ್. ಬ್ರೌಸರಲ್ಲೇ ಸಾಕು ಅನ್ನೋರಿಗೆ ಎಂಡಿಬಿಜಿ ಡಿಕ್ಷನರಿಯಲ್ಲಿ ಅನಿಮೇಷನ್ ಫ್ರೀಯಾಗಿ ಸಿಗುತ್ತೆ. ಅನುಮಾನ ಬಂದಾಗ ತೆಗೆದು ನೋಡೋಕೆ ಇವು ಬೇಕೇ ಬೇಕು, ಆದ್ರೆ ಇವು ತೋರಿಸ್ತವೆ ಅಷ್ಟೆ, ನೀವು ಆಮೇಲೆ ಏನು ಬರೆದ್ರಿ ಅಂತ ಇವಕ್ಕೆ ಗೊತ್ತಿಲ್ಲ. ಅನಿಮೇಷನ್ ನೋಡ್ತಾ ಇದ್ದಾಗ ಎಲ್ಲ ಗೊತ್ತಾದ ಹಾಗೆ ಅನ್ಸುತ್ತೆ, ಪರದೆ ಆಫ್ ಮಾಡಿ ಬರೆದಾಗಲೇ ನಿಜ ತಿಳಿಯೋದು.

ಫೋನ್ ಕೀಬೋರ್ಡ್‌ನ ಕೈಬರಹ ಗುರುತಿಸೋ ಸೌಲಭ್ಯವನ್ನ ಪರೀಕ್ಷೆ ಥರ ಬಳಸೋರು ಇದ್ದಾರೆ: ನಾನು ಬರೆದೆ, ಅದು ಹಿಡೀತು, ಅಂದ್ರೆ ಸರಿ ಇದೆ ಅಂತ. ಈಗಿನ ಕೀಬೋರ್ಡ್‌ಗಳು ಬಹಳ ಉದಾರಿ, ಕ್ರಮ ಅಡ್ಡಾದಿಡ್ಡಿ ಇದ್ರೂ ಅಕ್ಷರ ಊಹಿಸಿಬಿಡ್ತವೆ. ಅದು ಗುರುತಿಸ್ತು ಅನ್ನೋದು ನಿಮ್ಮ ಕ್ರಮ ಸರಿ ಅನ್ನೋದಕ್ಕೆ ಸಾಕ್ಷಿ ಆಗಲ್ಲ.

ಫ್ರೀ ಸಾಮಾನು ಜೋಡಿಸ್ಕೊಳ್ಳೋದು

ಸ್ವಲ್ಪ ಕಂಪ್ಯೂಟರ್ ಕೆಲಸ ಬಲ್ಲೋರಿಗೆ ಇದು ಒಳ್ಳೇ ದಾರಿ. ಮೇಕ್ ಮಿ ಎ ಹಾನ್‌ಜಿ ಅನ್ನೋ ಓಪನ್ ಸೋರ್ಸ್ ಡೇಟಾದಲ್ಲಿ 9000ಕ್ಕೂ ಹೆಚ್ಚು ಅಕ್ಷರಗಳ ಗೆರೆ ಕ್ರಮ ಇದೆ, ಅದರ ಮೇಲೆ ಕಟ್ಟಿರೋ ಹಾನ್‌ಜಿ ರೈಟರ್ ಅನ್ನೋ ಕೋಡ್ ಲೈಬ್ರರಿ ಅನಿಮೇಷನ್ನೂ ತೋರಿಸುತ್ತೆ, ಕ್ವಿಜ್ ಥರ ನಿಮ್ಮ ಕೈಲಿ ಬರೆಸಿ ತಪ್ಪೂ ಹಿಡಿಯುತ್ತೆ. ಅಂಕಿ ಅನ್ನೋ ಫ್ಲ್ಯಾಶ್‌ಕಾರ್ಡ್ ಆ್ಯಪ್ ಕಂಪ್ಯೂಟರಲ್ಲಿ, ಆಂಡ್ರಾಯ್ಡಲ್ಲಿ ಫ್ರೀ, ಐಫೋನಲ್ಲಿ ಮಾತ್ರ ದುಡ್ಡು. ಆಂಡ್ರಾಯ್ಡ್ ಅಂಕಿಯಲ್ಲಿ ಕಾರ್ಡ್ ಮೇಲೇ ಬೆರಳಲ್ಲಿ ಗೀಚೋ ವೈಟ್‌ಬೋರ್ಡ್ ಇದೆ, ಗೀಚಿ, ಉತ್ತರ ತಿರುಗಿಸಿ, ಅನಿಮೇಷನ್ ಜೊತೆ ಹೋಲಿಸ್ಕೊಂಡು ನೀವೇ ಮಾರ್ಕ್ಸ್ ಕೊಟ್ಕೋಬೇಕು. ಶಿಸ್ತು ಇರೋರಿಗೆ ಇದು ಚಂದಾ ಆ್ಯಪಿನ ಮುಕ್ಕಾಲು ಪಾಲು ಕೆಲಸ ಮಾಡುತ್ತೆ. ಆದ್ರೆ ತನಗೆ ತಾನೇ ಮಾರ್ಕ್ಸ್ ಹಾಕುವಾಗ ಆಕಾರ ಸರಿ ಬಂತಲ್ಲ ಬಿಡು ಅಂತ ಮುಂದೆ ಹೋಗೋದು ಬಹಳ ಸುಲಭ, ಕ್ರಮ ನೋಡೋದೇ ಇಲ್ಲ. ಈ ಡೇಟಾ ಹೆಚ್ಚಾಗಿ ಮೇನ್‌ಲ್ಯಾಂಡ್ ಕ್ರಮವನ್ನೇ ಹಿಡಿದಿದೆ, ತೈವಾನ್ ಕಡೆಯೋರು ಪೂರ್ಣ ರೂಪದ ಅಕ್ಷರ ಇದೆ ಅಂತ ನೋಡಿ ನಂಬಬೇಡಿ.

ತಿದ್ದೋ ಪುಸ್ತಕ ಮತ್ತೆ ಚೌಕದ ಹಾಳೆ

ನಮ್ಮಲ್ಲಿ ಸ್ಲೇಟಿನ ಮೇಲೆ ದೊಡ್ಡೋರು ಬರೆದುಕೊಟ್ಟ ಅ ಆ ಮೇಲೆ ಮಗು ಬಳಪ ಆಡಿಸಿ ತಿದ್ದುತ್ತಲ್ಲ, ಚೀನಾದಲ್ಲೂ ಹಾಗೇ, ಕೆಂಪು ಬಣ್ಣದಲ್ಲಿ ಅಚ್ಚಾಗಿರೋ ಅಕ್ಷರದ ಮೇಲೆ ಕಪ್ಪಲ್ಲಿ ತಿದ್ದೋದು ತಲೆತಲಾಂತರದ ಪದ್ಧತಿ. ಈಗಿನ ಪುಸ್ತಕಗಳಲ್ಲಿ ತಿಳಿ ಬೂದು ಅಕ್ಷರ, ಪಕ್ಕದಲ್ಲಿ ಒಂದೊಂದೇ ಗೆರೆ ಸೇರಿಸ್ತಾ ಹೋಗೋ ಸಣ್ಣ ಚಿತ್ರಗಳು ಇರ್ತವೆ.

ತಿದ್ದೋದು ಆಕಾರಕ್ಕೆ ತುಂಬಾ ಒಳ್ಳೇದು, ಕ್ರಮಕ್ಕೆ ಅಪಾಯ. ಬೂದು ಅಕ್ಷರ ಪೂರ್ತಿ ಕಣ್ಮುಂದೆ ಇರೋದ್ರಿಂದ ಯಾವ ಗೆರೆಯಿಂದ ಶುರು ಮಾಡಿದ್ರೂ ಕೊನೆಗೆ ಚೆಂದಾನೇ ಕಾಣುತ್ತೆ, ಪುಟ ತುಂಬುತ್ತೆ, ಏನೋ ಸಾಧಿಸಿದ ಹಾಗೆ ಅನ್ಸುತ್ತೆ, ಆದ್ರೆ ತಲೆ ಕೆಲಸಾನೇ ಮಾಡಿರಲ್ಲ. ಒಂದು ಅಕ್ಷರಕ್ಕೆ ಎರಡು ಮೂರು ಸಲ ತಿದ್ದಿ ಸಾಕು ಮಾಡಿ, ಆಮೇಲೆ ಖಾಲಿ ಚೌಕಕ್ಕೆ ಹೋಗಿ.

ಖಾಲಿ ಚೌಕದಲ್ಲಿ ಮುಖ್ಯವಾಗಿ ಎರಡು ಥರ. ಚೌಕದ ಒಳಗೆ ಒಂದು ಅಡ್ಡ ಒಂದು ಉದ್ದ ಚುಕ್ಕಿಗೆರೆ ಇರೋದು, ಹೊಲದ ಅಕ್ಷರದ ಹೆಸರಲ್ಲೇ ಥಿಯೆನ್‌ಜಿಗ ಅಂತ ಕರೀತಾರೆ. ಅದಕ್ಕೆ ಎರಡು ಮೂಲೆಗೆರೆನೂ ಸೇರಿದ್ರೆ ಮಿಜಿಗ. ಪೆನ್ನಲ್ಲಿ ಶುರು ಮಾಡೋರಿಗೆ ಮೊದಲನೇದೇ ಸಾಕು, ಮೂಲೆಗೆರೆ ಇದ್ರೆ ಹಾಳೆ ಗಿಜಿಗಿಜಿ ಅನ್ಸುತ್ತೆ, ಓರೆ ಗೆರೆಗಳ ಕೋನ ನೋಡ್ಕೊಂಡು ಬರೆಯೋ ಬ್ರಷ್‌ನೋರಿಗೆ ಅದು ಉಪಯೋಗ. ಇಂಥ ನೋಟ್‌ಬುಕ್ ನಮ್ಮ ಕಡೆ ಅಂಗಡೀಲಿ ಸುಲಭಕ್ಕೆ ಸಿಗಲ್ಲ, ವಿದೇಶದಿಂದ ತರಿಸೋ ಅಗತ್ಯಾನೂ ಇಲ್ಲ. ಸ್ಕೂಲ್ ಮಕ್ಕಳ ಲೆಕ್ಕದ ಚೌಕದ ನೋಟ್‌ಬುಕ್, ದೊಡ್ಡ ಚೌಕದ್ದು, ತಗೊಂಡು ಎರಡು ಅಡ್ಡಕ್ಕೆ ಎರಡು ಉದ್ದಕ್ಕೆ ನಾಲ್ಕು ಚೌಕ ಸೇರಿಸಿ ಸುತ್ತ ಪೆನ್ನಲ್ಲಿ ಗೆರೆ ಹಾಕಿ, ಥೇಟ್ ಥಿಯೆನ್‌ಜಿಗ, ನಡುವಿನ ಪ್ಲಸ್ ತಾನಾಗೇ ಬಂತು. ಹತ್ತು ಅನ್ನೋ ಅಕ್ಷರ ಬರೆದ್ರೆ ಆ ಪ್ಲಸ್ ಮೇಲೇ ಕೂರುತ್ತೆ, ಒಳ್ಳೇದು ಅನ್ನೋ ಅಕ್ಷರ ಬರೆದ್ರೆ ಎಡಕ್ಕೆ ಹೆಂಗಸು ಬಲಕ್ಕೆ ಮಗು, ನಡುಗೆರೆ ಯಾರು ದಾಟ್ತಿದ್ದಾರೆ ಅಂತ ನೋಡಿದ್ರೆ ಅಳತೆ ತಪ್ಪಿದ್ದು ತಕ್ಷಣ ಕಾಣುತ್ತೆ.

ಕಾಗದದ ದೊಡ್ಡ ಗುಣ ಇದೇ, ಆಕಾರ ತಪ್ಪಿದ್ರೆ ಮುಚ್ಚಿಡೋಕಾಗಲ್ಲ. ಕ್ರಮ ತಪ್ಪಿದ್ರೆ ಮಾತ್ರ ಕಾಗದ ಬಾಯಿ ಬಿಡಲ್ಲ. ಆ್ಯಪ್ ಸರಿಯಾಗಿ ಇದರ ಉಲ್ಟಾ. ಹಾಗಾಗಿ ನನ್ನ ಪ್ರಕಾರ ಆ್ಯಪ್ ಬೇಕಾ ಕಾಗದ ಬೇಕಾ ಅನ್ನೋದು ನಿಜವಾದ ಪ್ರಶ್ನೆನೇ ಅಲ್ಲ, ಯಾವುದರಲ್ಲಿ ಶುರು ಮಾಡಿ ಯಾವುದಕ್ಕೆ ಹೋಗಬೇಕು ಅನ್ನೋದು ಪ್ರಶ್ನೆ. ಮೊದಲು ಆ್ಯಪಲ್ಲಿ ಕ್ರಮ ಗಟ್ಟಿ ಆಗಲಿ, ಅದೇ ದಿನ ಅದೇ ಅಕ್ಷರ ನೆನಪಿಂದ ಚೌಕದಲ್ಲಿ. ಉಲ್ಟಾ ಮಾಡಿದ್ರೆ ಕಾಗದದಲ್ಲಿ ಕೂತ ತಪ್ಪು ಕ್ರಮವನ್ನ ಆ್ಯಪಲ್ಲಿ ಬಿಡಿಸೋಕೆ ಎರಡರಷ್ಟು ಕೆಲಸ.

ಬ್ರಷ್ ಮತ್ತೆ ನೀರಿನ ಬಟ್ಟೆ

ಚೀನೀ ಕ್ಯಾಲಿಗ್ರಫಿ 2009ರಲ್ಲಿ ಯುನೆಸ್ಕೋ ಪರಂಪರೆ ಪಟ್ಟಿಗೆ ಸೇರಿರೋ ಕಲೆ. ಚೀನಾದ ಟಾಂಗ್ ರಾಜವಂಶದ ಕಾಲದ ಬರಹಗಾರರಾದ ಒಯಾಂಗ್ ಶುನ್, ಯಾನ್ ಜೆನ್‌ಚಿಂಗ್ ಅಂಥೋರ ಬರಹವನ್ನ ಮುಂದಿಟ್ಕೊಂಡು ಇವತ್ತಿಗೂ ಜನ ಅಭ್ಯಾಸ ಮಾಡ್ತಾರೆ. ನೀರಿನ ಬಟ್ಟೆ ಅನ್ನೋದು ಕಲಿಯೋರಿಗೆ ವರ, ಬ್ರಷ್ ನೀರಲ್ಲಿ ಅದ್ದಿ ಬರೆದ್ರೆ ಕಪ್ಪಗೆ ಮೂಡುತ್ತೆ, ಕೆಲ ನಿಮಿಷದಲ್ಲಿ ಒಣಗಿ ಮಾಯ, ಇಂಕೂ ಬೇಡ ಕಾಗದಾನೂ ಬೇಡ. ಗೆರೆಗೆ ಶುರು, ನಡು, ಕೊನೆ ಅಂತ ಮೂರು ಭಾಗ ಇದೆ ಅನ್ನೋದು ಬ್ರಷ್ ಹಿಡಿದಾಗ ಗೊತ್ತಾಗುವಷ್ಟು ಪೆನ್ನಲ್ಲಿ ಗೊತ್ತಾಗಲ್ಲ.

ಆದ್ರೂ ಭಾಷೆ ಕಲಿಯೋದೇ ಉದ್ದೇಶ ಆಗಿದ್ರೆ ಬ್ರಷ್‌ನಿಂದ ಶುರು ಮಾಡಿ ಅಂತ ನಾನು ಹೇಳಲ್ಲ. ಬ್ರಷ್ ಹಿಡಿಯೋದೇ ಒಂದು ವಿದ್ಯೆ, ಒಂದು ಅಕ್ಷರಕ್ಕೆ ಒಂದು ಸಂಜೆ ಹೋಗುತ್ತೆ. ಜೊತೆಗೆ ಹಳೇ ಬರಹಗಾರರು ಕೆಲವು ಅಕ್ಷರಗಳನ್ನ ಈಗಿನ ಶಾಲೆ ಕ್ರಮಕ್ಕಿಂತ ಬೇರೆ ಥರ ಬರೆದಿದ್ದಾರೆ, ಅಲ್ಲಿ ಅಂದವೇ ಮುಖ್ಯ, ಹೊಸಬರಿಗೆ ಗೊಂದಲ ಗ್ಯಾರಂಟಿ. ನೂರು ಇನ್ನೂರು ಅಕ್ಷರ ಪೆನ್ನಲ್ಲಿ ಗಟ್ಟಿಯಾದ ಮೇಲೆ ಬನ್ನಿ, ಆಗ ಇದರ ರುಚಿನೇ ಬೇರೆ. ಚಿತ್ರಕಲೆ ಕಡೆಯಿಂದ ಬರೋರಿಗೆ ಮಾತ್ರ ಈ ಮಾತು ಅನ್ವಯಿಸಲ್ಲ, ನಿಮಗೆ ಬ್ರಷ್ಷೇ ಬಾಗಿಲು ಆಗಬಹುದು, ಹಾಗಿದ್ರೆ ಮೇಷ್ಟ್ರ ಹತ್ರಾನೇ ಕಲೀರಿ.

ಮೇಷ್ಟ್ರು

ಕ್ರಮ, ಆಕಾರ ಎರಡನ್ನೂ ಒಟ್ಟಿಗೆ ಹಿಡಿಯೋದು ಮೇಷ್ಟ್ರು ಒಬ್ಬರೇ, ಅದೂ ನಿಮ್ಮ ಕೈ ನೋಡಿದ್ರೆ ಮಾತ್ರ. ಆನ್‌ಲೈನ್ ಕ್ಲಾಸಲ್ಲಿ ಕ್ಯಾಮೆರಾ ಮುಖಕ್ಕೆ ಇರುತ್ತೆ, ಬರೆದು ಮುಗಿಸಿ ಹಾಳೆ ಎತ್ತಿ ತೋರಿಸ್ತೀವಿ, ಅವರು ವೆರಿ ಗುಡ್ ಅಂತಾರೆ, ಕ್ರಮ ಯಾರೂ ನೋಡೇ ಇಲ್ಲ. ಕ್ಲಾಸ್ ತಗೊಳ್ಳೋದಾದ್ರೆ ಫೋನನ್ನ ಸ್ಟ್ಯಾಂಡಲ್ಲಿ ಕೈ ಮೇಲ್ಗಡೆ ಇಟ್ಟು ಅದರಿಂದಾನೇ ಸೇರ್ಕೊಳ್ಳಿ. ಹೋಮ್‌ವರ್ಕ್ ಫೋಟೋ ಕಳಿಸಬೇಡಿ, ವಿಡಿಯೋ ಕಳಿಸಿ. ಪ್ರತಿ ವಾರ ಬೇಡ ಅನ್ಸಿದ್ರೆ ತಿಂಗಳಿಗೊಂದು ಕ್ಲಾಸ್ ಬರೀ ಬರವಣಿಗೆಗೆ ಅಂತ ಇಟ್ಕೊಂಡ್ರೂ ಆಗುತ್ತೆ, ಅಷ್ಟರಲ್ಲಿ ಕೂತಿರೋ ತಪ್ಪು ಅಭ್ಯಾಸ ಅವರು ಹತ್ತು ನಿಮಿಷದಲ್ಲಿ ತೋರಿಸ್ತಾರೆ. ಮಾತು ಕಲಿಸೋ ಮೇಷ್ಟ್ರೆಲ್ಲ ಬರವಣಿಗೆ ಕಲಿಸೋಕೆ ಇಷ್ಟಪಡಲ್ಲ, ಮೊದಲೇ ಕೇಳ್ಕೊಳ್ಳಿ.

ಎಡಗೈಲಿ ಬರೆಯೋರು ಮೇಷ್ಟ್ರ ಹತ್ರ ಹೋದ್ರೆ ಒಳ್ಳೇದು. ಕ್ರಮ ಅವರಿಗೂ ಅದೇ, ಬದಲಾಯಿಸಬೇಕಿಲ್ಲ, ಆದ್ರೆ ಅಡ್ಡ ಗೆರೆ ಎಡದಿಂದ ಬಲಕ್ಕೆ ಎಳೆಯುವಾಗ ಕೈ ತಳ್ಳಬೇಕಾಗುತ್ತೆ, ಹಾಳೆ ಯಾವ ಕಡೆ ಓರೆ ಇಡಬೇಕು ಅಂತ ಎದುರಿಗೆ ನೋಡಿ ಹೇಳೋರು ಇದ್ರೆ ಬೇಗ ಸರಿಹೋಗುತ್ತೆ.

ಹಾಗಾದ್ರೆ ನೀವು ಯಾವುದು ತಗೋ ಬೇಕು?

ಎಷ್ಟು ಅಕ್ಷರ ಬರೆಯೋಕೆ ಬರಬೇಕು ಅನ್ನೋದರ ಮೇಲೆ ಹೋಗುತ್ತೆ. ಓದೋಕೆ ಬರಬೇಕಾದ ಅಕ್ಷರ ಎಲ್ಲ ಬರೆಯೋಕೂ ಬರಬೇಕು ಅಂತ ಈಗ ಚೀನಾನೇ ಕೇಳಲ್ಲ. 2021ರಲ್ಲಿ ಬಂದ ಒಂಬತ್ತು ಹಂತದ ಹೊಸ ಮಾನದಂಡದಲ್ಲಿ ವಿದೇಶಿ ಕಲಿಯೋರು ಗುರುತಿಸಬೇಕಾದ ಅಕ್ಷರ ಒಟ್ಟು 3000, ಕೈಯಲ್ಲಿ ಬರೀಬೇಕಾದ್ದು 1200 ಅಷ್ಟೆ: ಮೊದಲ ಮೂರು ಹಂತಕ್ಕೆ 300, ಆರನೇ ಹಂತದ ಹೊತ್ತಿಗೆ 700, ಒಂಬತ್ತಕ್ಕೆ 1200. ಈ ಲೆಕ್ಕ ನೋಡಿದಾಗ ಬೆಟ್ಟದಷ್ಟು ಕಾಣ್ತಿದ್ದದ್ದು ಹತ್ತೋ ಹಾಗೆ ಆಗುತ್ತೆ.

ಮಾತಾಡೋಕೆ, ಚಾಟ್ ಮಾಡೋಕೆ ಬಂದ್ರೆ ಸಾಕು ಅನ್ನೋ ವ್ಯವಹಾರದೋರು ಚಂದಾ ಕಟ್ಟೋಕೆ ಹೋಗಬೇಡಿ, ಡಿಕ್ಷನರಿ ಅನಿಮೇಷನ್ನು, ಚೌಕದ ನೋಟ್‌ಬುಕ್ಕು, ಮೊದಲ 100 ಅಕ್ಷರ. ಅಷ್ಟಕ್ಕೇ ಅಕ್ಷರದ ಒಳಗಿನ ಭಾಗಗಳು ಕಣ್ಣಿಗೆ ಬಿಡಿಸಿ ಕಾಣೋಕೆ ಶುರುವಾಗುತ್ತೆ, ಓದೋದೂ ಸುಲಭ. ಎಚ್‌ಎಸ್‌ಕೆ ಕಂಪ್ಯೂಟರಲ್ಲಿ ಬರೆಯೋರು ಪಿನ್‌ಯಿನ್ ಹೊಡೆದು ಅಕ್ಷರ ಆರಿಸಿದ್ರೆ ಆಯ್ತು, ಬರವಣಿಗೆ ಭಾಗ ಇರೋ ಹಂತಗಳನ್ನ ಪೇಪರ್ ಮೇಲೆ ಬರೆಯೋರಿಗೆ ಕೈಬರಹ ತಪ್ಪಿದ್ದಲ್ಲ, ಅಂಥೋರು ಬರೆಸಿ ತಿದ್ದೋ ಆ್ಯಪಿಗೆ ದುಡ್ಡು ಹಾಕಿ, ಅದಕ್ಕೆ ಬೆಲೆ ಇದೆ. ಚೀನಾಕ್ಕೆ ಓದೋಕೆ ಹೋಗೋ ಮಕ್ಕಳೂ ಅಷ್ಟೆ, ಹೋಗೋ ಮುಂಚೆ 300 ಗಟ್ಟಿ ಮಾಡ್ಕೊಂಡು ಹೋಗಿ, ಅಲ್ಲಿ ಹೆಸರು, ವಿಳಾಸ, ಒಂದು ಫಾರಂ ಕೈಯಲ್ಲಿ ತುಂಬೋ ಸಂದರ್ಭ ಬಂದಾಗ ಅಕ್ಕಪಕ್ಕದೋರ ಮುಖ ನೋಡಬೇಕಾಗಿಲ್ಲ. ಮನೇಲಿ ಪುಟ್ಟ ಮಕ್ಕಳಿಗೆ ಕಲಿಸೋ ಆಸೆ ಇರೋರು ಆ್ಯಪ್ ಬಿಡಿ, ನೀರಿನ ಬಟ್ಟೆ ಕೊಡಿಸಿ, ಪಕ್ಕದಲ್ಲಿ ನೀವೂ ಕೂತು ಕ್ರಮ ನೋಡಿ. ಐಫೋನ್ ಇದ್ದು ಚಂದಾ ಬೇಡ ಅನ್ನೋರು ಬ್ರೌಸರಲ್ಲಿ ಹಾನ್‌ಜಿ ರೈಟರ್ ಬಳಸಿರೋ ಕ್ವಿಜ್ ಪುಟಗಳನ್ನ ಹುಡುಕಿ, ಅಂಥವು ಫ್ರೀಯಾಗೇ ಸಿಗ್ತವೆ.

ಚಂದಾ ಯಾವಾಗ ನಿಲ್ಲಿಸಬಹುದು ಅಂದ್ರೆ, ಹೊಸ ಅಕ್ಷರ ಕಂಡಾಗ ಅನಿಮೇಷನ್ ನೋಡೋ ಮುಂಚೆ ಕ್ರಮ ಊಹಿಸಿ ಬರೀರಿ, ಆಮೇಲೆ ತೆರೆದು ನೋಡಿ. ಹೆಚ್ಚು ಕಡಿಮೆ ಪ್ರತಿ ಸಲ ಊಹೆ ಸರಿ ಬರ್ತಿದ್ರೆ ಆ್ಯಪಿನ ಕೆಲಸ ಮುಗೀತು, ಇನ್ನು ಡಿಕ್ಷನರಿ ಸಾಕು. 300 ಅಕ್ಷರದ ಆಸುಪಾಸಲ್ಲಿ ಇದು ಆಗುತ್ತೆ, ಯಾಕಂದ್ರೆ ಅಷ್ಟೊತ್ತಿಗೆ ಪದೇ ಪದೇ ಬರೋ ಭಾಗಗಳೆಲ್ಲ ಒಂದೊಂದು ಸಲ ಕೈಯಿಂದ ದಾಟಿ ಹೋಗಿರ್ತವೆ.

ಶುರು ಮಾಡೋಕೆ ಅಕ್ಷರ ಯಾವುದು ಅಂತ ಕೇಳೋರಿಗೆ ನನ್ನ ಪಟ್ಟಿ ಇದು. ಮೊದಲು ಒಂದು, ಎರಡು, ಮೂರು, ಹತ್ತು, ಇವು ಬರೀ ಅಡ್ಡ ಉದ್ದ. ಆಮೇಲೆ ಮನುಷ್ಯ, ದೊಡ್ಡದು, ಓರೆ ಗೆರೆಗಳಿಗೆ. ಬಾಯಿ, ಸೂರ್ಯ, ಹೊಲ, ಚೌಕ ಮುಚ್ಚೋದಕ್ಕೆ. ಚಿಕ್ಕದು, ನೀರು, ಬೆಂಕಿ, ಈ ಮೂರನ್ನ ಒಟ್ಟಿಗೆ ಬರೀರಿ. ಒಂಬತ್ತು, ಬಲ ಜೋಡಿ. ಹೆಂಗಸು, ಮಗು, ಎರಡೂ ಸೇರಿ ಒಳ್ಳೇದು. ದೇಶ. ಇದು ಅನ್ನೋ ಅಕ್ಷರ, ಅದರಲ್ಲಿ ಎಡಗಡೆ ಹಿಡಿದು ತಳದವರೆಗೆ ಹರಿಯೋ ದೋಣಿಯಂಥ ಭಾಗ ಕೊನೆಗೆ ಬರುತ್ತೆ, ಒಳಗಿನದ್ದು ಮೊದಲು. ಕೊನೇಲಿ ನಾನು ಅನ್ನೋ ಅಕ್ಷರ, 7 ಗೆರೆ, ಬಲಗಡೆ ಮೇಲಿನ ಚುಕ್ಕಿ ಎಲ್ಲ ಮುಗಿದ ಮೇಲೇ ಇಡಬೇಕು.